ಕನ್ನಡಕ ಹೋಯಿತು, ಕಣ್ಣು ಅದೇ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ "ಕಂಪ್ಯೂಟರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು". ಆ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇದೇ ಶಾಲೆಯಲ್ಲಿ ಓದಿದ್ದಾರೆ, ಅವರಲ್ಲಿ ಇಬ್ಬರು ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತಾಡಲಿದ್ದಾರೆ. ಹಾಗಾಗಿ ಸಮಿತಿಯವರ ಅಪ್ಪಣೆ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಯಾಕೆ ಎಂದು ಹೇಳುತ್ತೇನೆ.

ನಾನು ಎಂಟನೇ ತರಗತಿಯಿಂದ ಕನ್ನಡಕ ಹಾಕಿದವನು. ಈ ಊರಿನಲ್ಲಿ ನನ್ನ ಹೆಸರಿಗಿಂತ "ಸೋಡಾಬುಡ್ಡಿ" ಎಂಬ ಹೆಸರೇ ಹೆಚ್ಚು ಜನಕ್ಕೆ ಗೊತ್ತು. 2021ರಲ್ಲಿ ಬೆಂಗಳೂರಿನಲ್ಲಿ ಲೇಸರ್ ಚಿಕಿತ್ಸೆ ಮಾಡಿಸಿಕೊಂಡೆ, ಕನ್ನಡಕ ಹೋಯಿತು. ಆಮೇಲೆ ಊರಿಗೆ ಬಂದಾಗಲೆಲ್ಲ ನನ್ನ ಸಂಬಳದ ಬಗ್ಗೆ ಕೇಳುವವರಿಗಿಂತ ಕಣ್ಣಿನ ಬಗ್ಗೆ ಕೇಳುವವರೇ ಹೆಚ್ಚು. ಈ ಸಮಾರಂಭಕ್ಕೆ ಹೊರಡುವ ಹಿಂದಿನ ತಿಂಗಳಂತೂ ಮೂರು ಫೋನ್ ಬಂದವು. ನಮಗಿಂತ ಮೊದಲು ಇದೇ ಶಾಲೆಯಲ್ಲಿ ಓದಿದ ಅಣ್ಣನೊಬ್ಬರು, "ಏನಪ್ಪಾ, ಹತ್ತು ನಿಮಿಷದ ಕೆಲಸವಂತೆ? ಮಗಳನ್ನ ನೋಡೋಕೆ ಬಂದವರು ಕನ್ನಡಕದ ಮಾತು ಎತ್ತಿದರು. ಅವಳಿಗೂ ಹೊಡೆಸಿಬಿಡೋಣ ಅಂತಿದೀನಿ" ಎಂದರು. ಐಟಿಐ ಮುಗಿಸಿದ ಹುಡುಗನೊಬ್ಬ, "ಅಣ್ಣಾ, ರೈಲ್ವೆ ಪರೀಕ್ಷೆ ಬರೀತಿದೀನಿ, ಅದಕ್ಕೆ ಮೊದಲೇ ಮಾಡಿಸ್ಕೋಬೇಕಾ?" ಎಂದು ಕೇಳಿದ. ಮೂರನೆಯವರು ಒಬ್ಬ ತಾಯಿ. ಮಗ ಒಂಬತ್ತನೇ ತರಗತಿ. "ಪ್ರತಿ ವರ್ಷ ನಂಬರ್ ಏರ್ತಾನೇ ಇದೆ. ಈಗಲೇ ಲೇಸರ್ ಮಾಡಿಸಿದರೆ ನಿಲ್ಲುತ್ತಾ?"

ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಇವತ್ತು ಪೂರ್ತಿ ಉತ್ತರ ಕೊಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಓದಿದ್ದು ಬಿ.ಇ. ಆದರೆ ನನ್ನ ಕಣ್ಣಿನ ಮೇಲೆ ಏನಾಯಿತು ಎಂದು ತಿಳಿದುಕೊಳ್ಳುವ ಹಟ ನನಗಿತ್ತು. ವೈದ್ಯರನ್ನು ಕೇಳಿ ಕೇಳಿ, ಓದಿ ತಿಳಿದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಮೊದಲು ಕನ್ನಡಕ ಬಂದ ಕತೆ. ಎತ್ತರದ ಹುಡುಗ ಎಂದು ನನ್ನನ್ನು ಕೊನೆಯ ಬೆಂಚಿಗೆ ಹಾಕಿದ್ದರು. ಬೋರ್ಡಿನ ಮೇಲೆ ಬರೆದದ್ದು ನನಗೆ ಬಿಳಿ ಹೊಗೆಯ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದೆ. ಊರಿಗೆ ಬರುವ ಬಸ್ಸಿನ ಬೋರ್ಡು ಓದಲು ಆಗುತ್ತಿರಲಿಲ್ಲ, ಇಂಜಿನ್ ಸದ್ದಿನ ಮೇಲೆ ಗುರುತು ಹಿಡಿಯುತ್ತಿದ್ದೆ. ಒಂದು ದಿನ ಗಣಿತದ ಮೇಷ್ಟ್ರು ನಾನು ಪಕ್ಕದವನ ಪುಸ್ತಕ ನೋಡಿ ಬರೆಯುವುದನ್ನು ಹಿಡಿದರು. ಹೊಡೆಯುತ್ತಾರೆ ಎಂದು ಕೈ ಚಾಚಿದೆ. ಅವರು ಹೊಡೆಯಲಿಲ್ಲ. ಮೊದಲ ಬೆಂಚಿನಿಂದ ಓದಿಸಿದರು, ಮಧ್ಯದಿಂದ ಓದಿಸಿದರು, ಕೊನೆಯಿಂದ ಓದಿಸಿದರು. ಮರುವಾರ ತಾವೇ ಸೈಕಲ್ ಮೇಲೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. "ಈ ವಯಸ್ಸಿಗೇ ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತೆ" ಎಂದು ನಮ್ಮವ್ವ ಅತ್ತರು. ಮೇಷ್ಟ್ರು ಮನೆಗೆ ಬಂದು ಅವ್ವನಿಗೆ ತಿಳಿಸಿ ಹೇಳಿದರು. ಕನ್ನಡಕ ಹಾಕಿಕೊಂಡು ಶಾಲೆಯ ಗೇಟಿನ ಒಳಗೆ ಬಂದ ದಿನ, ಧ್ವಜಸ್ತಂಭದ ಪಕ್ಕದ ಹುಣಸೆ ಮರಕ್ಕೆ ಅಷ್ಟು ಸಣ್ಣ ಸಣ್ಣ ಎಲೆಗಳಿವೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. ಆ ಮೇಷ್ಟ್ರು ಈಗ ವೇದಿಕೆಯ ಮೇಲಿದ್ದಾರೆ. ಅವರಿಗೆ ಇಲ್ಲಿಂದಲೇ ನಮಸ್ಕಾರ.

ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತಿರುತ್ತದೆ, ಇದು ಸಮೀಪದೃಷ್ಟಿ ದೋಷ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಂಜು. ದೂರದಿಂದ ಬಂದ ಬೆಳಕು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಕೂಡಬೇಕು, ಆದರೆ ಅದಕ್ಕೆ ಮುಂಚೆಯೇ ಕೂಡಿಬಿಡುತ್ತದೆ. ಪರಿಹಾರ ನಿಮ್ನ ಮಸೂರ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಯಾಕೆ ಮುಂಚೆಯೇ ಕೂಡುತ್ತದೆ? ಬಹುಪಾಲು ಜನರಲ್ಲಿ ಕಾರಣ ಒಂದೇ, ಕಣ್ಣುಗುಡ್ಡೆ ಉದ್ದವಾಗಿ ಬೆಳೆದಿರುತ್ತದೆ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ನನ್ನ ನಂಬರು ಮೈನಸ್ 5 ಇತ್ತು.

ಈ ಉದ್ದವನ್ನು ಲೇಸರ್ ಕಡಿಮೆ ಮಾಡುವುದಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಲೇಸರ್ ಮುಟ್ಟುವುದು ಕಣ್ಣಿನ ಮುಂದಿನ ಕಿಟಕಿಯನ್ನು ಮಾತ್ರ. ಆ ಕಿಟಕಿಯ ಹೆಸರು ಕಾರ್ನಿಯಾ.

ಕೈಗಡಿಯಾರದ ಮುಳ್ಳುಗಳ ಮೇಲೆ ಉಬ್ಬಿದ ಗಾಜು ಇರುತ್ತದಲ್ಲ, ಕಣ್ಣಿನ ಕಪ್ಪು ಭಾಗದ ಮೇಲೆ ಕಾರ್ನಿಯಾ ಹಾಗಿದೆ. ಅಡ್ಡಗಲ ಹನ್ನೊಂದು ಹನ್ನೆರಡು ಮಿಲಿಮೀಟರ್. ನಡುವಿನಲ್ಲಿ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ, ಅದಕ್ಕೇ ಅಷ್ಟು ತಿಳಿಯಾಗಿದೆ. ಅದಕ್ಕೆ ಬೇಕಾದ ಆಮ್ಲಜನಕ ಮುಖ್ಯವಾಗಿ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ ಬರುತ್ತದೆ. ಬೆಳಕನ್ನು ಬಗ್ಗಿಸುವ ಕೆಲಸ ಕಣ್ಣಿನೊಳಗಿನ ಮಸೂರದ್ದು ಎಂದು ನಾವು ಓದಿದ್ದೆವು. ನಿಜವಾಗಿ ಆ ಕೆಲಸದ ದೊಡ್ಡ ಪಾಲು ಕಾರ್ನಿಯಾದ್ದೇ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್, ಅದರಲ್ಲಿ 43ರಷ್ಟು ಕಾರ್ನಿಯಾದಿಂದ. ಆದ್ದರಿಂದಲೇ ಅದರ ಉಬ್ಬನ್ನು ಚೂರು ತಗ್ಗಿಸಿದರೂ ದೃಷ್ಟಿ ಬದಲಾಗುತ್ತದೆ.

ಇಷ್ಟು ತೆಳುವಾದ ಕಾರ್ನಿಯಾದಲ್ಲೂ ಪದರಗಳಿವೆ. ಇದನ್ನು ನಮ್ಮ ಜನಕ್ಕೆ ವಿವರಿಸುವುದು ಕಷ್ಟವಲ್ಲ, ಯಾಕೆಂದರೆ 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಆಗ ತುಂಬ ಜನ ಕೇಳಿದರು. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಪದರವಾಗಿ ಬಿಡಿಸಿ, ಮುಂದಿನ ಪದರವನ್ನು ಒಬ್ಬರಿಗೆ, ಹಿಂದಿನ ಪದರವನ್ನು ಇನ್ನೊಬ್ಬರಿಗೆ ಕಸಿ ಮಾಡಿದ್ದರು.

ಎಲ್ಲಕ್ಕಿಂತ ಹೊರಗಿರುವುದು ಚರ್ಮದಂಥ ಪದರ, ಸುಮಾರು 50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಈ ಹೊರಪದರ ವಾರ ಹತ್ತು ದಿನಕ್ಕೊಮ್ಮೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ಕಣ್ಣಿಗೆ ಹುಲ್ಲಿನ ಗರಿ ತಾಗಿ ಗೀರಾದರೆ ನಾಲ್ಕು ದಿನದಲ್ಲಿ ವಾಸಿಯಾಗುವುದು ಇದರಿಂದಲೇ. ಇದರ ಕೆಳಗಿನ ದಪ್ಪ ಭಾಗಕ್ಕೆ ಸ್ಟ್ರೋಮಾ ಎನ್ನುತ್ತಾರೆ, ಕಾರ್ನಿಯಾದ ನೂರಕ್ಕೆ ತೊಂಬತ್ತು ಪಾಲು ಅದೇ. ಸ್ಟ್ರೋಮಾವನ್ನು ಒಮ್ಮೆ ಕೆರೆದರೆ ಅದು ಮತ್ತೆ ಬೆಳೆಯುವುದಿಲ್ಲ. ಲೇಸರ್ ಕೆರೆಯುವುದು ಈ ಸ್ಟ್ರೋಮಾವನ್ನೇ.

ಆ ಲೇಸರಿನ ಹಿಂದೆ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. ಮದ್ರಾಸಿನಲ್ಲಿ ಹುಟ್ಟಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. ಅಲ್ಲಿ ಪ್ಲಾಸ್ಟಿಕ್ ಕೆತ್ತಲು ಬಳಸುತ್ತಿದ್ದ ಎಕ್ಸೈಮರ್ ಎಂಬ ಅತಿನೇರಳೆ ಲೇಸರ್ ಇತ್ತು. 1981ರ ನವೆಂಬರಿನಲ್ಲಿ ಅವರ ಮನೆಯಲ್ಲಿ ಹಬ್ಬದೂಟಕ್ಕೆ ಮಾಡಿದ್ದ ಟರ್ಕಿ ಕೋಳಿಯಲ್ಲಿ ಸ್ವಲ್ಪ ಉಳಿದಿತ್ತು. ಮರುದಿನ ಅದನ್ನೇ ಪ್ರಯೋಗಾಲಯಕ್ಕೆ ತಂದು ಲೇಸರ್ ಹಾಯಿಸಿ ನೋಡಿದರು. ಸುಟ್ಟ ಕಲೆ ಇಲ್ಲ, ಅಕ್ಕಪಕ್ಕ ಕರಕಲಾಗಿಲ್ಲ, ನೇರವಾದ ಕೊರೆತ. ಮುಂದೆ ಅವರ ತಂಡ ಮನುಷ್ಯನ ಒಂದು ಕೂದಲಿನ ಮೇಲೆ ಸಾಲಾಗಿ ಕಚ್ಚು ಕೊರೆದು ತೋರಿಸಿತು. ಸ್ಟೀಫನ್ ಟ್ರೋಕೆಲ್ ಎಂಬ ನೇತ್ರವೈದ್ಯರು ಇದನ್ನು ಕಾರ್ನಿಯಾಕ್ಕೆ ಬಳಸಬಹುದೆಂದು ಕಂಡುಕೊಂಡು, 1983ರಲ್ಲಿ ಶ್ರೀನಿವಾಸನ್ ಜೊತೆ ಸೇರಿ ಪ್ರಕಟಿಸಿದರು. ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರಿಗೆ 2013ರಲ್ಲಿ ಅಧ್ಯಕ್ಷ ಒಬಾಮಾ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟರು.

ಈ ಲೇಸರಿನ ಒಂದು ಮಿಡಿತ ಕಾರ್ನಿಯಾದಿಂದ ತೆಗೆಯುವುದು ಒಂದು ಮೈಕ್ರಾನಿನ ಕಾಲು ಭಾಗದಷ್ಟನ್ನು. ಎಷ್ಟು ತೆಗೆಯಬೇಕು ಎಂಬ ಲೆಕ್ಕ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಹಾಕಬಹುದಾದಷ್ಟು ಸುಲಭ. ಎಷ್ಟು ಅಗಲದ ವೃತ್ತದಲ್ಲಿ ಕೆರೆಯುತ್ತೀರೋ ಆ ಅಗಲದ ವರ್ಗ ಮಾಡಿ, ಕನ್ನಡಕದ ನಂಬರಿನಿಂದ ಗುಣಿಸಿ, 3ರಿಂದ ಭಾಗಿಸಿ. ಅಗಲ 6 ಮಿಲಿಮೀಟರ್ ಆದರೆ ಆರಾರಲ 36, ನಂಬರು 5, ಗುಣಿಸಿದರೆ 180, ಮೂರರಿಂದ ಭಾಗಿಸಿದರೆ 60. ಅಂದರೆ ನಡುವಿನಲ್ಲಿ 60 ಮೈಕ್ರಾನ್. ಯಂತ್ರ ಅಂಚನ್ನು ನಯ ಮಾಡಲು ಇನ್ನಷ್ಟು ತೆಗೆಯುತ್ತದೆ, ನನ್ನ ವರದಿಯಲ್ಲಿ 72 ಎಂದಿದೆ. ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪ. ಸುಮಾರು ಇಪ್ಪತ್ತು ವರ್ಷ ನನ್ನ ಮೂಗಿನ ಮೇಲೆ ಕುಳಿತಿದ್ದ ಕನ್ನಡಕವನ್ನು ಇಳಿಸಿದ್ದು ಅಷ್ಟೇ.

ಹತ್ತು ನಿಮಿಷದ ಕೆಲಸ ಎನ್ನುವುದು ಸುಳ್ಳಲ್ಲ. ಆದರೆ ಅದಕ್ಕೆ ಮುಂಚೆ ಎರಡು ಗಂಟೆಗೂ ಹೆಚ್ಚು ಹೊತ್ತು ನನ್ನ ಕಣ್ಣಿನ ಅಳತೆ ತೆಗೆದರು. ನನಗೆ ಕುತೂಹಲ ಹುಟ್ಟಿಸಿದ್ದು ಆ ಅಳತೆಯೇ. ಒಂದು ಯಂತ್ರದಲ್ಲಿ ಉಂಗುರ ಉಂಗುರವಾಗಿ ಬೆಳಕಿನ ಗೆರೆಗಳು. ಅವು ಕಾರ್ನಿಯಾದ ಮೇಲೆ ಪ್ರತಿಫಲಿಸಿದ್ದನ್ನು ಫೋಟೋ ತೆಗೆದು, ಉಂಗುರ ಎಲ್ಲಿ ಒತ್ತಾಗಿದೆ, ಎಲ್ಲಿ ವಿರಳವಾಗಿದೆ ಎಂದು ನೋಡಿ ಉಬ್ಬು ತಗ್ಗಿನ ಲೆಕ್ಕ ಹಾಕುತ್ತದೆ. ಇನ್ನೊಂದು ಯಂತ್ರ ಕಾರ್ನಿಯಾದ ಹಿಂಬದಿಯನ್ನೂ ದಪ್ಪವನ್ನೂ ಅಳೆಯುತ್ತದೆ. ಕೊನೆಗೆ ಕೈಗೆ ಬರುವುದು ಒಂದು ಬಣ್ಣದ ನಕ್ಷೆ. ಸಮಾಜ ವಿಜ್ಞಾನದಲ್ಲಿ ಬೆಟ್ಟ ಗುಡ್ಡದ ಎತ್ತರವನ್ನು ಬಣ್ಣದಲ್ಲಿ ತೋರಿಸುವ ನಕ್ಷೆ ನೋಡಿದ್ದೀರಲ್ಲ, ಹಾಗೆಯೇ. ಹೆಚ್ಚು ಬಾಗಿದ ಕಡೆ ಕೆಂಪು, ಚಪ್ಪಟೆಯಾದ ಕಡೆ ನೀಲಿ.

ನನ್ನ ಹಳೆಯ ನಕ್ಷೆಯಲ್ಲಿ ನಡುಭಾಗ ಹೆಚ್ಚು ಬಾಗಿತ್ತು, ಅಂಚಿಗೆ ಹೋದಂತೆ ಚಪ್ಪಟೆಯಾಗುತ್ತಿತ್ತು. ಆರೋಗ್ಯವಂತ ಕಾರ್ನಿಯಾದ ಆಕಾರವೇ ಅದು. ಲೇಸರ್ ಆದ ಮೇಲಿನ ನಕ್ಷೆ ಉಲ್ಟಾ. ನಡುವೆ ನೀಲಿಯ ಹೊಂಡ, ಸುತ್ತ ಕೆಂಪು ಬಳೆ. ನಡುಭಾಗದ ಶಕ್ತಿ 43.5 ಇದ್ದದ್ದು 39ರ ಹತ್ತಿರ ಬಂದಿತ್ತು. ಹೊಲದ ದಿಬ್ಬದ ನೆತ್ತಿಯನ್ನು ಕೆರೆದು ಮಟ್ಟ ಮಾಡಿದರೆ ನೆತ್ತಿ ಚಪ್ಪಟೆಯಾಗುತ್ತದೆ, ಅಂಚಿನಲ್ಲಿ ಇಳಿಜಾರು ಉಳಿಯುತ್ತದೆ. ಕಣ್ಣಿನ ಮೇಲೆ ಆದದ್ದು ಅದೇ.

ಇದರ ಫಲವನ್ನು ನಾನು ಅನುಭವಿಸಿದ್ದು ರಾತ್ರಿ. ಹಗಲಿನಲ್ಲಿ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಬೆಳಕು ಮಟ್ಟ ಮಾಡಿದ ನಡುಭಾಗದಿಂದಲೇ ಒಳಗೆ ಹೋಗುತ್ತದೆ. ಕತ್ತಲಾದಾಗ ಪಾಪೆ ಹಿಗ್ಗುತ್ತದೆ, ಅಂಚಿನ ಇಳಿಜಾರಿನಿಂದಲೂ ಬೆಳಕು ನುಗ್ಗುತ್ತದೆ. ಎರಡೂ ಒಂದೇ ಕಡೆ ಕೂಡುವುದಿಲ್ಲ. ಮೊದಲ ನಾಲ್ಕು ತಿಂಗಳು ಎದುರಿಗೆ ಬರುವ ಲಾರಿಯ ಪ್ರತಿ ದೀಪಕ್ಕೂ ಒಂದು ಹೊಗೆಯ ಬಳೆ ಕಾಣುತ್ತಿತ್ತು. ಊರಿಗೆ ರಾತ್ರಿ ಬೈಕಿನಲ್ಲಿ ಬರುವುದನ್ನೇ ಬಿಟ್ಟಿದ್ದೆ. ಜಾಹೀರಾತಿನ ಕಾಗದದಲ್ಲಿ ಈ ಬಳೆಯ ಸುದ್ದಿ ಇರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಇತ್ತು, ನಾನು ಓದದೆ ಸಹಿ ಹಾಕಿದ್ದೆ. ಈಗ ಅದು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಇನ್ನೊಂದು ಬದಲಾವಣೆ ನಿಧಾನವಾಗಿ ನಡೆಯುತ್ತದೆ. ಹೊಲದಲ್ಲಿ ತಗ್ಗು ಬಿದ್ದರೆ ನಾಲ್ಕು ಮಳೆಗೆ ಮಣ್ಣು ಹರಿದು ಬಂದು ಅಲ್ಲಿ ಕೂರುತ್ತದಲ್ಲವೇ? ಕಾರ್ನಿಯಾದ ಹೊರಪದರವೂ ಹಾಗೆ. ಕೆಳಗೆ ಕೆರೆದ ನಡುಭಾಗದ ಮೇಲೆ ಅದು ಕೆಲವು ಮೈಕ್ರಾನ್ ದಪ್ಪವಾಗಿ ಬೆಳೆಯುತ್ತದೆ. ಮೇಲ್ಮೈ ನಯವಾಗುತ್ತದೆ, ಅದು ಒಳ್ಳೆಯದು. ಆದರೆ ತೆಗೆದ ನಂಬರಿನಲ್ಲಿ ಒಂದು ಚೂರು ಮರಳಿ ಬರಲೂ ಅದು ಒಂದು ಕಾರಣ. ನಂಬರು ದೊಡ್ಡದಿದ್ದಷ್ಟೂ ಹೀಗೆ ಮರಳುವ ಸಾಧ್ಯತೆ ಹೆಚ್ಚು. ನನಗೆ ಮೈನಸ್ ಕಾಲು ಮರಳಿದೆ, ತೊಂದರೆಯಿಲ್ಲ.

ಮೂರನೆಯದು ನರಗಳು. ದೇಹದಲ್ಲಿ ಅತಿ ದಟ್ಟವಾಗಿ ನರಗಳಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಕಣ್ಣು ಒಣಗಿದೆ, ರೆಪ್ಪೆ ಬಡಿ, ನೀರು ಬಿಡು ಎಂದು ಹೇಳುವವು ಅವೇ. ಶಸ್ತ್ರಚಿಕಿತ್ಸೆಯಲ್ಲಿ ಅವು ತುಂಡಾಗುತ್ತವೆ, ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಕಣ್ಣು ಒಣಗುತ್ತದೆ, ಉರಿಯುತ್ತದೆ. ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರು ಮೊದಲೇ ರೆಪ್ಪೆ ಬಡಿಯುವುದು ಕಡಿಮೆ. ಆರು ತಿಂಗಳು ಜೇಬಿನಲ್ಲಿ ಕಣ್ಣಿನ ಹನಿಯ ಬಾಟಲಿ ಇಟ್ಟುಕೊಂಡೇ ಓಡಾಡಿದೆ.

ವಿಧಾನಗಳು ಮುಖ್ಯವಾಗಿ ಮೂರು. ಹೊರಪದರವನ್ನು ತೆಗೆದು ನೇರವಾಗಿ ಕೆರೆಯುವುದು ಪಿಆರ್‌ಕೆ. ಅದರಲ್ಲಿ ಮೂರು ನಾಲ್ಕು ದಿನ ಚೆನ್ನಾಗಿ ನೋವಿರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಪುಸ್ತಕದ ಹಾಳೆಯಂತೆ ತೆಳುವಾದ ಮುಚ್ಚಳ ಎಬ್ಬಿಸಿ, ಕೆಳಗೆ ಕೆರೆದು, ಮುಚ್ಚಳವನ್ನು ಮತ್ತೆ ಹೊದಿಸುವುದು ಲೇಸಿಕ್. ನನಗೆ ಮಾಡಿದ್ದು ಅದು, ಮಾರನೆಯ ದಿನವೇ ಗೋಡೆಯ ಕ್ಯಾಲೆಂಡರ್ ಓದಿದೆ. ಮುಚ್ಚಳವಿಲ್ಲದೆ ಒಳಗೇ ಒಂದು ಬಿಲ್ಲೆಯಷ್ಟನ್ನು ಬಿಡಿಸಿ, ಸಣ್ಣ ಸೀಳಿನಿಂದ ಹೊರಗೆಳೆಯುವುದು ಸ್ಮೈಲ್. ಲೇಸಿಕ್‌ನ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಕೂಡಿಕೊಳ್ಳುವುದಿಲ್ಲ. ಕಣ್ಣಿಗೆ ಜೋರಾದ ಪೆಟ್ಟು ಬಿದ್ದು ವರ್ಷಗಳ ನಂತರವೂ ಅದು ಜರುಗಿದ ಉದಾಹರಣೆಗಳಿವೆ. ಕಬಡ್ಡಿ ಆಡುವವರು, ಪೊಲೀಸ್ ಅಥವಾ ಸೇನೆಗೆ ಹೋಗಬೇಕೆನ್ನುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಈಗ ಮದುವೆಯ ಮಾತು ಎತ್ತಿದ್ದ ಆ ಅಣ್ಣನ ಮಗಳ ವಿಷಯ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಪರೀಕ್ಷೆಗೆ ಕರೆದುಕೊಂಡು ಹೋಗಿ ಎಂದೆ, ಹೋದರು. ವೈದ್ಯರು ನಕ್ಷೆ ನೋಡಿ, "ಈ ಕಣ್ಣಿಗೆ ಲೇಸರ್ ಬೇಡ" ಎಂದುಬಿಟ್ಟರು. ಮನೆಯವರಿಗೆ ಬೇಜಾರು, ಹುಡುಗಿ ಅತ್ತಳಂತೆ. ಯಾಕೆ ಬೇಡ ಎಂದರು? ಇದನ್ನು ನಮ್ಮ ಕೆರೆಯಿಂದ ವಿವರಿಸುತ್ತೇನೆ. ಕೆರೆ ತುಂಬಿದಾಗ ನೀರು ಏರಿಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಏರಿಯ ಮಣ್ಣನ್ನು ಯಾರಾದರೂ ಇಟ್ಟಿಗೆಗೆಂದು ಕೆರೆದುಕೊಂಡು ಹೋದರೆ, ಅಲ್ಲಿ ಅದು ಹೊರಕ್ಕೆ ಉಬ್ಬುತ್ತದೆ. ಕಣ್ಣಿನೊಳಗೂ ಹೀಗೇ ಒಂದು ಒತ್ತಡ ಸದಾ ಇರುತ್ತದೆ, ತಡೆದು ನಿಲ್ಲಿಸುವುದು ಸ್ಟ್ರೋಮಾ. ನನ್ನ ಕಾರ್ನಿಯಾ 545 ಮೈಕ್ರಾನ್ ಇತ್ತು. ಮುಚ್ಚಳಕ್ಕೆ 110, ಕೆರೆದದ್ದು 72, ತಳದಲ್ಲಿ ಉಳಿದದ್ದು 363. ತಳದಲ್ಲಿ ಕನಿಷ್ಠ 250 ಉಳಿಯಲೇಬೇಕು, 300 ಉಳಿದರೆ ಇನ್ನೂ ಒಳ್ಳೆಯದು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆ ಹುಡುಗಿಯ ಕಾರ್ನಿಯಾ ಮೊದಲೇ ತೆಳು. ಸಾಲದ್ದಕ್ಕೆ ನಕ್ಷೆಯಲ್ಲಿ ಕೆಳಭಾಗ ಒಂದು ಕಡೆಗೆ ಉಬ್ಬಿತ್ತು. ಅದು ಕೆರಟೋಕೋನಸ್ ಎಂಬ ಕಾಯಿಲೆಯ ಮೊದಲ ಗುರುತು. ಏರಿ ಮೊದಲೇ ಸಡಿಲವಾಗಿರುವ ಕಡೆ ಮಣ್ಣು ತೆಗೆದಿದ್ದರೆ ಕಾರ್ನಿಯಾ ಮುಂದಕ್ಕೆ ಉಬ್ಬುತ್ತಾ ಹೋಗಿ, ಕನ್ನಡಕಕ್ಕೂ ಸರಿಹೋಗದಷ್ಟು ದೃಷ್ಟಿ ಕೆಡುತ್ತಿತ್ತು. ಲೇಸಿಕ್ ನಂತರ ಹೀಗಾದ ಕಣ್ಣುಗಳನ್ನು 1998ರಲ್ಲೇ ವೈದ್ಯರು ವರದಿ ಮಾಡಿದ್ದಾರೆ.

ಆಕೆಗೆ ಚಿಕ್ಕಂದಿನಿಂದ ಕಣ್ಣು ತುರಿಕೆ, ಸದಾ ಉಜ್ಜುವ ಅಭ್ಯಾಸ. ಹಾಗೆ ಉಜ್ಜುವುದು ಈ ಕಾಯಿಲೆಯನ್ನು ಹೆಚ್ಚಿಸುತ್ತದೆ. ಈಗ ತುರಿಕೆಗೆ ಔಷಧಿ ಕೊಟ್ಟಿದ್ದಾರೆ, ಆರು ತಿಂಗಳಿಗೊಮ್ಮೆ ಕಣ್ಣಿನ ಅಳತೆ ತೆಗೆಯುತ್ತಾರೆ. ಉಬ್ಬು ಹೆಚ್ಚಾದರೆ ಅದನ್ನು ಗಟ್ಟಿ ಮಾಡುವ ಚಿಕಿತ್ಸೆಯೂ ಇದೆ. "ಬೇಡ" ಎಂದ ಆ ವೈದ್ಯರಿಗೆ ನಾವು ಕೈಮುಗಿಯಬೇಕು. ಅಳತೆ ತೆಗೆಯದೆ, ರಿಯಾಯಿತಿ ದರ ಎಂದು ಕರೆಯುವ ಕಡೆಗೆ ದಯವಿಟ್ಟು ಹೋಗಬೇಡಿ. ಗಂಡಿನ ಕಡೆಯವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕನ್ನಡಕ ಬೇಡ ಎನ್ನುವ ಮನೆಗೆ ಮಗಳನ್ನು ಕೊಡಬೇಕೋ ಬೇಡವೋ ಎಂದು ಹಿರಿಯರು ಯೋಚಿಸಿ.

ರೈಲ್ವೆ ಹುಡುಗನಿಗೆ ಉತ್ತರ ಚಿಕ್ಕದು. ಸಹಾಯಕ ಲೋಕೋ ಪೈಲಟ್ ಹುದ್ದೆಯ ಪ್ರಕಟಣೆಯಲ್ಲಿ ಲೇಸಿಕ್ ಮಾಡಿಸಿಕೊಂಡವರು ಅರ್ಹರಲ್ಲ ಎಂದೇ ಬರೆದಿರುತ್ತಾರೆ. ಕೆಲಸ ಸಿಗಲೆಂದು ಸಾಲ ಮಾಡಿ ಲೇಸರ್ ಮಾಡಿಸಿಕೊಂಡು, ಅದೇ ಕಾರಣಕ್ಕೆ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಬೀಳುವುದು ಬೇಡ. ಇಲಾಖೆಯಿಂದ ಇಲಾಖೆಗೆ, ಹುದ್ದೆಯಿಂದ ಹುದ್ದೆಗೆ ನಿಯಮ ಬೇರೆ. ಪ್ರಕಟಣೆಯ ವೈದ್ಯಕೀಯ ಭಾಗವನ್ನು ಮೊದಲು ಓದಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಒಂಬತ್ತನೇ ತರಗತಿಯ ಹುಡುಗನ ತಾಯಿಗೆ ಹೇಳುವುದು ಇದು. ಅಮ್ಮಾ, ಅವನ ಕಣ್ಣು ಇನ್ನೂ ಉದ್ದ ಬೆಳೆಯುತ್ತಿದೆ. ಮುಂದಿನ ಕಿಟಕಿಯನ್ನು ಇವತ್ತು ತಿದ್ದಿದರೆ ಹಿಂದಿನ ಗೋಡೆ ನಾಳೆ ಇನ್ನಷ್ಟು ಹಿಂದೆ ಸರಿಯುತ್ತದೆ, ನಂಬರು ಮತ್ತೆ ಬರುತ್ತದೆ. ಕನಿಷ್ಠ 18 ತುಂಬಬೇಕು, 21 ಆದರೆ ಒಳ್ಳೆಯದು, ನಂಬರು ಒಂದು ವರ್ಷವಾದರೂ ನಿಂತಿರಬೇಕು. ಅಲ್ಲಿಯವರೆಗೆ ಸರಿಯಾದ ಕನ್ನಡಕ ಹಾಕಿಸಿ. ಕನ್ನಡಕ ಕಣ್ಣನ್ನು ಹಾಳು ಮಾಡುವುದಿಲ್ಲ. ದಿನಕ್ಕೆ ಎರಡು ಗಂಟೆ ಹಗಲಿನ ಬೆಳಕಿನಲ್ಲಿ ಹೊರಗೆ ಆಡಲು ಬಿಡಿ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ಈ ದೋಷ ಬರುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಲೇಸರ್ ಮಾಡಿಸಿಕೊಂಡದ್ದು ತಪ್ಪು ಎನ್ನುತ್ತಿದ್ದೇನೆಯೇ? ಇಲ್ಲ. ಬೆಳಿಗ್ಗೆ ಎದ್ದು ಕೈ ತಡಕಾಡದೆ ಗಡಿಯಾರ ನೋಡುವ ಸುಖ ದೊಡ್ಡದು. ತಕ್ಕ ಕಣ್ಣಿಗೆ, ತಕ್ಕ ವಯಸ್ಸಿನಲ್ಲಿ ಅದು ಒಳ್ಳೆಯ ಚಿಕಿತ್ಸೆ. ಆದರೆ ಮಾಡಿಸಿಕೊಂಡವರು ಎರಡು ವಿಷಯ ಮರೆಯುತ್ತಾರೆ. ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡವರು ಈ ಸಭೆಯಲ್ಲೇ ಕೆಲವರು ಇದ್ದೀರಿ, ನಿಮಗೆ ಹೇಳುತ್ತಿದ್ದೇನೆ.

ಒಂದು, ಕನ್ನಡಕ ಹೋದರೂ ಕಣ್ಣು ಅದೇ ಉದ್ದನೆಯ ಕಣ್ಣು. ಉದ್ದನೆಯ ಕಣ್ಣಿನಲ್ಲಿ ಅಕ್ಷಿಪಟಲ ಎಳೆದು ತೆಳುವಾಗಿರುತ್ತದೆ, ಹರಿಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಒಳಭಾಗ ಪರೀಕ್ಷಿಸಿಕೊಳ್ಳಿ. ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಕಂಡರೆ, ಒಂದು ಕಡೆಯಿಂದ ಪರದೆ ಇಳಿದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಎರಡು, ಕಾಗದಗಳು. ನಮ್ಮಜ್ಜಿಗೆ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆ ಕಾಲದ ಶಿಬಿರಗಳಲ್ಲಿ ಪೊರೆ ಕಟ್ಟಿದ ಮಸೂರವನ್ನು ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಈಗ ಕಣ್ಣಿನೊಳಗೇ ಹೊಸ ಮಸೂರ ಇಡುತ್ತಾರೆ. ಯಾವ ನಂಬರಿನ ಮಸೂರ ಎಂದು ಲೆಕ್ಕ ಹಾಕುವುದು ಕಾರ್ನಿಯಾದ ಬಾಗನ್ನು ಅಳೆದು. ಮಾಮೂಲಿ ಯಂತ್ರ ಮುಂದಿನ ಮೇಲ್ಮೈಯನ್ನು ನಡುವಿನ ಸುತ್ತಿನಲ್ಲಿ ಅಳೆದು, ಹಿಂದಿನದು ಅದಕ್ಕೆ ತಕ್ಕ ಹಾಗೆ ಇರುತ್ತದೆಂದು ಊಹಿಸುತ್ತದೆ. ನಮ್ಮ ಕಣ್ಣಿನಲ್ಲಿ ಆ ಊಹೆ ತಪ್ಪು. ಮುಂದಿನದನ್ನು ಲೇಸರ್ ಬದಲಿಸಿದೆ, ಹಿಂದಿನದು ಹಾಗೇ ಇದೆ. ಯಂತ್ರ ನಮ್ಮ ಕಾರ್ನಿಯಾಕ್ಕೆ ಇಲ್ಲದ ಶಕ್ತಿ ಇದೆ ಎಂದುಕೊಂಡು ಕಡಿಮೆ ನಂಬರಿನ ಮಸೂರ ಸೂಚಿಸುತ್ತದೆ. ಆಗ ಪೊರೆ ತೆಗೆಸಿಕೊಂಡರೂ ಮತ್ತೆ ದಪ್ಪ ಕನ್ನಡಕ. ಲೇಸರ್ ಆಗಿದೆ ಎಂದು ಮೊದಲೇ ಹೇಳಿದರೆ ವೈದ್ಯರು ಬೇರೆ ಸೂತ್ರ ಬಳಸುತ್ತಾರೆ. ಹಳೆಯ ಅಳತೆಯೂ ಇದ್ದರೆ ಲೆಕ್ಕ ಇನ್ನಷ್ಟು ಖಚಿತ.

ಗ್ಲಾಕೋಮಾ ಪರೀಕ್ಷೆಯಲ್ಲೂ ಹೀಗೇ. ತೆಳುವಾದ ಸೈಕಲ್ ಟೈರನ್ನು ಒತ್ತಿದರೆ ಒಳಗೆ ಗಾಳಿ ಇದ್ದರೂ ಕಡಿಮೆ ಇದ್ದಂತೆ ಅನಿಸುತ್ತದೆ. ತೆಳುವಾದ ಕಾರ್ನಿಯಾದ ಮೇಲೆ ಅಳೆದಾಗ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಹೇಳದಿದ್ದರೆ ಕಾಯಿಲೆ ಕಣ್ತಪ್ಪಿ ಹೋಗಬಹುದು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನನ್ನು ತಿದ್ದಿದರೂ ಹಳೆಯ ಪ್ರತಿ ಉಳಿದಿರುತ್ತದೆ, ತಪ್ಪಾದರೆ ಹಿಂದಕ್ಕೆ ಹೋಗಬಹುದು. ಕಣ್ಣಿನ ಹಳೆಯ ಪ್ರತಿ ಕಾಗದದ ಮೇಲೆ ಮಾತ್ರ ಇದೆ. ನನ್ನ ವರದಿಯ ಒಂದು ಪ್ರತಿಯನ್ನು ಊರಿನಲ್ಲಿ ಪಹಣಿ, ರೇಷನ್ ಕಾರ್ಡ್ ಇರುವ ಟ್ರಂಕಿನಲ್ಲೇ ಇಟ್ಟಿದ್ದೇನೆ. ಪೊರೆ ಬರುವ ಹೊತ್ತಿಗೆ ಆ ಆಸ್ಪತ್ರೆ ಅಲ್ಲೇ ಇರುತ್ತದೆ ಎಂದು ಹೇಗೆ ನಂಬುವುದು? ಲೇಸರ್ ಆದವರು ಇವತ್ತೇ ಮನೆಗೆ ಹೋಗಿ ನಿಮ್ಮ ಕಾಗದ ಎಲ್ಲಿದೆ ನೋಡಿ. ಕಳೆದಿದ್ದರೆ ಆಸ್ಪತ್ರೆಯಿಂದ ನಕಲು ಕೇಳಿ. ನೇತ್ರದಾನದ ಪ್ರತಿಜ್ಞೆಯನ್ನೂ ಬಿಡಬೇಡಿ. ನಮ್ಮ ಕಾರ್ನಿಯಾದ ಮುಂಭಾಗ ಬಳಸಲಾಗದಿದ್ದರೂ ಹಿಂದಿನ ಪದರ ಇನ್ನೊಬ್ಬರಿಗೆ ಆಗಬಹುದು. ಮನೆಯವರು ಲೇಸರ್ ಆಗಿತ್ತು ಎಂದು ಹೇಳಿದರೆ ಸಾಕು.

ಕೊನೆಯದಾಗಿ, ನಮ್ಮ 2004ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದವರು ಸೇರಿ ಒಂದು ಸಣ್ಣ ಕೆಲಸ ಮಾಡಿದ್ದೇವೆ. ಎಂಟನೇ ತರಗತಿಯ ಕೋಣೆಯ ಹೊರಗಿನ ಗೋಡೆಗೆ ಕಣ್ಣು ಪರೀಕ್ಷೆಯ ಅಕ್ಷರ ಫಲಕ ಹಾಕಿಸಿದ್ದೇವೆ, ಅಲ್ಲಿಂದ 6 ಮೀಟರ್ ಅಳೆದು ನೆಲದ ಮೇಲೆ ಹಳದಿ ಗೆರೆ ಎಳೆಸಿದ್ದೇವೆ. ಪ್ರತಿ ಜೂನ್‌ನಲ್ಲಿ ಎಲ್ಲ ಮಕ್ಕಳನ್ನೂ ಆ ಗೆರೆಯ ಮೇಲೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಬೇಕೆಂದು ಈಗಿನ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಓದಲಾಗದ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುತ್ತಾರೆ. ಅಲ್ಲಿ ತಡವಾದರೆ ನಮ್ಮ ತಂಡಕ್ಕೆ ತಿಳಿಸಿ, ನಾವು ಕೊಡಿಸುತ್ತೇವೆ.

ಇವತ್ತು ಬೆಳಿಗ್ಗೆ ಆ ಗೆರೆಯ ಮೇಲೆ ಮೊದಲು ನಿಂತವರು ನಮ್ಮ ಗಣಿತದ ಮೇಷ್ಟ್ರು. ಹೋದ ವರ್ಷವಷ್ಟೇ ಪೊರೆ ತೆಗೆಸಿಕೊಂಡಿದ್ದಾರೆ. ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿ, "ಈಗ ನೀನು ಬಾರೋ" ಎಂದರು. ನಾನು ಒಂದು ಅಕ್ಷರ ತಪ್ಪು ಓದಿದೆ.